ಅಕ್ಕನ ಟೊಮೆಟೊ ನೀರಿಗಿಳಿದದ್ದು

ಮುದುಕಿಯ ಎಡಗಣ್ಣಿನ ಪೊರೆ ತೆಗೆಸಲು ಸೊಸೆ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ ದಿನವೇ ಮಗ ಸಸಿಗಳನ್ನೆಲ್ಲ ಮಣ್ಣಿನಿಂದ ಕಿತ್ತು ನೀರಿಗಿಳಿಸಿದ.

ಅವನಿಗೆ ಕೆಟ್ಟ ಉದ್ದೇಶವೇನೂ ಇರಲಿಲ್ಲ. ಅಮ್ಮ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಬರುವಷ್ಟರಲ್ಲಿ ಕೆಲಸ ಮುಗಿದಿರಲಿ, ಬಗ್ಗಿ ಏಳುವ ತಾಪತ್ರಯ ಅವಳಿಗೆ ಬೇಡ ಎಂದುಕೊಂಡಿದ್ದ. ತಾರಸಿಯ ಮೇಲೆ ಪೈಪುಗಳು ಸಿದ್ಧವಾಗಿ ತಿಂಗಳಾಗಿತ್ತು. ನೀರೆತ್ತುವ ಪಂಪುಗಳ ರಿಪೇರಿ ಅವನ ಕಸುಬು. ಬೀದಿಯವರು ಅವನನ್ನು ಪಂಪಣ್ಣ ಎಂದೇ ಕರೆಯುತ್ತಿದ್ದರು. ಹಳೆಯ ಪೈಪುಗಳನ್ನು ಕೂಡಿಸಿ, ಗೇಣಿಗೊಂದು ತೂತು ಕೊರೆದು, ಕೆಳಗೊಂದು ಪ್ಲಾಸ್ಟಿಕ್ ತೊಟ್ಟಿ ಇಟ್ಟು, ಮಣ್ಣಿಲ್ಲದೆ ಬರೀ ನೀರಿನಲ್ಲಿ ಗಿಡ ಬೆಳೆಸುವ ಏರ್ಪಾಟನ್ನು ಅವನೇ ಮಾಡಿದ್ದ.

ಹಾಗೆ ಮಾಡದೆ ಬೇರೆ ದಾರಿಯೂ ಇರಲಿಲ್ಲ. ಹಿತ್ತಲಿನ ಮಣ್ಣಿಗೆ ಸೊರಗು ರೋಗ ಹತ್ತಿತ್ತು. ಎರಡು ವರ್ಷದಿಂದ ಸೊಂಟದೆತ್ತರಕ್ಕೆ ಬಂದ ಗಿಡ ಒಂದು ಮಧ್ಯಾಹ್ನ ತಲೆ ಬಾಗಿಸುತ್ತಿತ್ತು, ವಾರದೊಳಗೆ ಮಲಗುತ್ತಿತ್ತು. ಕಾಂಡ ಮುರಿದು ನೋಡಿದರೆ ಒಳಗೆ ಕಂದು ಬಣ್ಣದ ಬಳೆ. ಹೋದ ವರ್ಷವಂತೂ ಒಂದು ಹಣ್ಣೂ ಕೆಂಪಾಗಲಿಲ್ಲ, ಹಾಗಾಗಿ ಬೀಜವೂ ಸಿಗಲಿಲ್ಲ. ಬಾಟಲಿಯಲ್ಲಿ ಬೂದಿಯೊಂದಿಗೆ ಉಳಿದಿದ್ದ ಹಳೆಯ ಬೀಜವನ್ನು ಮುದುಕಿ ಈ ಸಲ ಅಷ್ಟನ್ನೂ ಸುರಿದು, ಟ್ರೇಗಳಲ್ಲಿ ಬಿತ್ತಿದ್ದಳು. ಇಪ್ಪತ್ತೇಳು ಮೊಳೆತವು. ಅದರಲ್ಲೂ ಮೂರು ಬುಡದಲ್ಲಿ ಕರಗಿ ಬಿದ್ದಾಗ ಟ್ರೇಗೆ ತುಂಬಿದ ಮಣ್ಣಿನಲ್ಲೂ ರೋಗ ಇದೆಯೆಂದು ಗೊತ್ತಾಯಿತು. ಬಾಟಲಿ ಖಾಲಿ. ಇರುವುದು ಇಪ್ಪತ್ನಾಲ್ಕು ಸಸಿ.

ಅದು ಅಂಗಡಿಯಲ್ಲಿ ಸಿಗುವ ಟೊಮೆಟೊ ಅಲ್ಲ. ದಾರ ಎಳೆದು ಬಾಯಿ ಕಟ್ಟಿದ ಸಂಚಿಯ ಹಾಗೆ ಸುತ್ತ ನೆರಿಗೆ, ಸಿಪ್ಪೆ ತೆಳು. ಬುಟ್ಟಿಯಲ್ಲಿಟ್ಟು ನಾಲ್ಕು ಹೆಜ್ಜೆ ಹೊತ್ತರೆ ಒಡೆಯುತ್ತದೆ, ಅದಕ್ಕೇ ಯಾರೂ ಮಾರುವುದಿಲ್ಲ. ತಾಯಿ ಸತ್ತ ಮೇಲೆ ಮುದುಕಿಯನ್ನು ಸಾಕಿದ್ದು ಅವಳ ಅಕ್ಕ. ಮದುವೆಯಾಗಿ ಹೊರಟಾಗ ಬಟ್ಟೆಯ ಚೂರಿನಲ್ಲಿ ಗಂಟು ಹಾಕಿ ಆ ಅಕ್ಕ ಕೊಟ್ಟದ್ದು ಈ ಬೀಜ ಒಂದೇ. ಅಕ್ಕ ಹೋಗಿ ಎಷ್ಟೋ ವರ್ಷವಾಗಿತ್ತು. ಮನೆಯಲ್ಲಿ ಅದಕ್ಕೆ ಅಕ್ಕನ ಟೊಮೆಟೊ ಎಂದೇ ಹೆಸರು. ಮುದುಕಿ ಮೂವತ್ತು ವರ್ಷ ಒಂದು ನರ್ಸರಿಯಲ್ಲಿ ಸಸಿ ನೆಡುವ ಕೆಲಸ ಮಾಡಿದವಳು, ಬೀದಿಗೆಲ್ಲ ಸಸಿಯಮ್ಮ. ಕೇಳಿದವರಿಗೆಲ್ಲ ಸಸಿ ಕೊಟ್ಟಿದ್ದಳು. ಈಗ ಮನೆಮನೆಗೆ ಹೋಗಿ ಬೀಜ ಇದೆಯಾ ಎಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ: "ನಿಮ್ಮ ಹತ್ರ ಇದ್ದೇ ಇರುತ್ತಲ್ಲ ಅಂತ ನಾವು ಎತ್ತಿಡ್ಲಿಲ್ಲ ಸಸಿಯಮ್ಮ."

ಆಸ್ಪತ್ರೆಯಿಂದ ಬಂದವಳು ಅಂಗಳಕ್ಕೆ ಕಾಲಿಡುತ್ತಲೇ ನಿಂತಳು. ಒಂದು ಕಣ್ಣಿಗೆ ಪಟ್ಟಿ. ಮೂಗು ಮಾತ್ರ ಚುರುಕಾಗಿತ್ತು.

"ಒದ್ದೆ ಮಣ್ಣಿನ ವಾಸನೆ. ಟ್ರೇ ಯಾರು ಬೋರಲು ಹಾಕಿದ್ದು?"

"ಮೊದಲು ಕೂತ್ಕೋ ಅಮ್ಮ. ಕಣ್ಣು ಹೇಗಿದೆ?" ಎಂದ ಮಗ.

"ಕಣ್ಣಿನ ಮನೆ ಹಾಳಾಗ್ಲಿ. ಸಸಿ ಎಲ್ಲಿ?"

"ಮೇಲಿವೆ, ಪೈಪಲ್ಲಿ. ಒಂದೊಂದಕ್ಕೂ ಒಂದೊಂದು ಪುಟ್ಟ ಜಾಲರಿ ಬುಟ್ಟಿ, ಸುತ್ತ ಕಲ್ಲು. ರಾಜಾ ಇದ್ದಂಗಿವೆ."

"ಬೇರು ಹೇಗೆ ತೊಳೆದೆ?"

ಅವನು ಹೆಮ್ಮೆಯಿಂದಲೇ ನಲ್ಲಿಯ ಪಕ್ಕದ ಬ್ರಷ್ ತೋರಿಸಿದ. "ಒಂದು ಕಣ ಮಣ್ಣು ಬಿಟ್ಟಿಲ್ಲ. ಪಂಪಿನ ಚಕ್ರ ತೊಳೀತೀನಲ್ಲ, ಹಾಗೆ ತೊಳೆದಿದ್ದೀನಿ. ಮಣ್ಣು ಉಳಿದ್ರೆ ರೋಗಾನೂ ಉಳಿಯುತ್ತೆ, ಪೈಪೂ ಕಟ್ಕೊಳುತ್ತೆ."

ಮುದುಕಿ ಬ್ರಷ್ ತೆಗೆದುಕೊಂಡು ಹೆಬ್ಬೆರಳಿನಿಂದ ಅದರ ಕೂದಲನ್ನು ಸವರಿ ನೋಡಿದಳು.

"ಇದರಲ್ಲಿ ನಿನ್ನ ತಲೆ ಉಜ್ಜಿದ್ರೆ ಎಷ್ಟು ಕೂದಲು ಉಳೀತದೆ?"

"ಅಪ್ಪನ ತಲೇಲಿ ಉಜ್ಜೋಕೆ ಈಗಲೇ ಏನಿದೆ ಅಜ್ಜಿ?" ಎಂದಳು ಮೊಮ್ಮಗಳು. ಬಸ್ ನಿಲ್ದಾಣದ ಟಿಕೆಟ್ ಕಿಟಕಿಯಲ್ಲಿ ಕೂರುವ ಇಪ್ಪತ್ತೆರಡರ ಹುಡುಗಿ. ದಿನಕ್ಕೆ ಸಾವಿರ ಜನರಿಗೆ ಉತ್ತರ ಕೊಟ್ಟು ಅವಳ ನಾಲಿಗೆ ಹರಿತವಾಗಿತ್ತು. ಆದರೆ ಅವತ್ತು ಯಾರೂ ನಗಲಿಲ್ಲ.

"ನೀರು ಕುಡಿಯೋದು ದಪ್ಪ ಬೇರಲ್ಲವೋ, ಅದರ ಮೇಲಿನ ಕೂದಲಿನಂಥ ಎಳೆ," ಎಂದಳು ಮುದುಕಿ. "ಅದನ್ನೆಲ್ಲ ಉಜ್ಜಿ ತೆಗೆದಿದ್ದೀಯ. ನನಗೊಂದು ಮಾತು ಹೇಳೋಕೆ ನಿನಗೇನಾಗಿತ್ತು?"

"ಹೇಳಿದ್ರೆ ಇನ್ನೊಂದು ವಾರ ಅಂತಿದ್ದೆ. ತಿಂಗಳಿಂದ ಇನ್ನೊಂದು ವಾರ, ಇನ್ನೊಂದು ವಾರ. ಅಷ್ಟರಲ್ಲಿ ಮೂರು ಬಿದ್ವು!"

"ರೋಗ ಮೂರನ್ನ ಬೀಳಿಸ್ತು. ನೀನು ಅಷ್ಟನ್ನೂ ಬೀಳಿಸ್ತೀಯ."

ಅವನ ಮುಖ ಕಪ್ಪಿಟ್ಟಿತು. "ಹಾಗಾದ್ರೆ ನೀನೇ ನೋಡ್ಕೋ. ಇನ್ನು ನಾನು ಬಾಯಿ ಬಿಡಲ್ಲ."

ಮುದುಕಿ ಮೆಟ್ಟಿಲ ಕಡೆ ಹೊರಟಳು. ಸೊಸೆ ಅಡ್ಡ ನಿಂತಳು. "ಹತ್ತು ದಿನ ಮೆಟ್ಟಿಲು ಹತ್ತಬಾರದು, ಬಗ್ಗಬಾರದು ಅಂತ ಡಾಕ್ಟರು ಹೇಳಿದ್ದು ನಾನು ಕೇಳಿಸ್ಕೊಂಡಿದ್ದೀನಿ ಅತ್ತೆ. ನೀವೂ ಕೇಳಿಸ್ಕೊಂಡಿದ್ದೀರಿ."

ಅವತ್ತಿನಿಂದ ತಾಯಿ ಮಗನ ಮಾತು ನಿಂತಿತು. ಆ ಮನೆಗೆ ಇದು ಹೊಸದಲ್ಲ. ತೀರಿಹೋದ ಯಜಮಾನರು ಒಂದು ಸೈಕಲ್ಲಿನ ವಿಷಯಕ್ಕೆ ಹೆಂಡತಿಯೊಂದಿಗೆ ನಲವತ್ತು ದಿನ ಮಾತು ಬಿಟ್ಟಿದ್ದರಂತೆ. ಮಾತು ಬಿಟ್ಟವರು ಒಂದೇ ಸಾಲಿನ ಎರಡು ತುದಿಯಲ್ಲಿ ಕೂತು ಉಣ್ಣುತ್ತಾರೆ, ಕೆಲಸ ಯಾವುದೂ ನಿಲ್ಲುವುದಿಲ್ಲ. ಬೇಕಾದ್ದನ್ನು ಮೂರನೆಯವರಿಗೆ ಹೇಳುತ್ತಾರೆ.

"ಟೀ ಆರ್ತಾ ಇದೆ ಅಂತ ಹೇಳು."

"ಅಪ್ಪಾ, ಟೀ ಆರ್ತಾ ಇದೆಯಂತೆ."

"ಕಿವಿ ಕೇಳ್ಸುತ್ತೆ ಅಂತ ಹೇಳು."

"ಅಜ್ಜಿ, ಕಿವಿ ಕೇಳ್ಸುತ್ತಂತೆ. ನನಗೂ ಕೇಳ್ಸುತ್ತೆ. ಟಿಕೆಟ್ ಕಿಟಕೀಲೂ ಇಂಥಾ ಗಿರಾಕಿಗಳಿಲ್ಲ."

ದಿನಕ್ಕೆ ನಾಲ್ಕು ಸಲ ಕಣ್ಣಿಗೆ ಹನಿ ಹಾಕಬೇಕಿತ್ತು. ಸಂಜೆಯ ಹನಿ ಮೊಮ್ಮಗಳ ಪಾಲು. ಆಗ ತಲೆ ಹಿಂದಕ್ಕೆ ವಾಲಿಸಿ ಕೂತೇ ಮುದುಕಿ ವಿಚಾರಿಸುತ್ತಿದ್ದಳು.

"ಹೇಗಿವೆ?"

"ಚೆನ್ನಾಗಿವೆ ಅಜ್ಜಿ."

"ಹಾಗಲ್ಲ. ಮಧ್ಯಾಹ್ನ ಮಾತ್ರ ತಲೆ ಬಾಗಿಸ್ತವೋ, ಬೆಳಗ್ಗೇನೂ ಬಾಗಿಸಿಯೇ ಇರ್ತವೋ?"

"ಅದರಲ್ಲೇನು ವ್ಯತ್ಯಾಸ?"

"ಮಧ್ಯಾಹ್ನ ಮಾತ್ರ ಆದ್ರೆ ಬಿಸಿಲು. ಬೆಳಗ್ಗೇನೂ ಆದ್ರೆ ಬೇರು."

ಹುಡುಗಿ ಹನಿಯ ಸೀಸೆಯ ಮುಚ್ಚಳ ತಿರುಗಿಸುತ್ತಾ ಕೂತಳು. "ಬೆಳಗ್ಗೇನೂ," ಎಂದಳು ಕೊನೆಗೆ.

ಮಗ ಸುಮ್ಮನೆ ಕೂತಿರಲಿಲ್ಲ. ತೊಟ್ಟಿಯ ನೀರಿಗೆ ಬೆರೆಸುವ ಗೊಬ್ಬರದ ದ್ರಾವಣದ ಸೀಸೆ ಕೊಂಡಿದ್ದ ಅಂಗಡಿಗೆ ಕೆಲಸದ ನಡುವೆ ಓಡಿದ. ಅಂಗಡಿಯಾಕೆ ಗಲ್ಲಾ ಬಿಟ್ಟು ಎದ್ದು ಬಂದು ಬೈದಳು: "ಬೇರು ಗಾಯ ಆಗಿರೋವಾಗ ಪೂರ್ತಿ ಮುಚ್ಚಳ ಹಾಕಿದ್ರಾ? ಕಾಯಿಲೆಯವರ ಬಾಯಿಗೆ ಊಟ ತುರುಕಿದಂಗೆ. ಅರ್ಧ ಮುಚ್ಚಳ ಸಾಕು, ಮೂರು ದಿನಕ್ಕೊಮ್ಮೆ. ನಲ್ಲಿ ನೀರನ್ನ ಬಕೆಟ್ಟಲ್ಲಿ ಒಂದು ದಿನ ಇಟ್ಟು ಹಾಕಿ, ಔಷಧಿ ವಾಸನೆ ಹೋಗಲಿ. ಬಿಸಿಲು ತಪ್ಪಿಸಿ." ಅವನು ಹಾಗೇ ಮಾಡಿದ. ಸೊಸೆ ಕೆಲಸ ಮಾಡುವ ಆಸ್ಪತ್ರೆಯ ಲಾಂಡ್ರಿಯಲ್ಲಿ ಹರಿದು ಪಕ್ಕಕ್ಕಿಟ್ಟ ಬೆಡ್‌ಶೀಟು ಕೇಳಿ ತರಿಸಿ ಪೈಪಿನ ಮೇಲೆ ಚಪ್ಪರ ಕಟ್ಟಿದ. ಮೀನಿನ ತೊಟ್ಟಿಗೆ ಗಾಳಿ ಊದುವ ಸಣ್ಣ ಯಂತ್ರವೊಂದನ್ನು ಸರಿಮಾಡಿ ನೀರೊಳಗೆ ಬಿಟ್ಟ. ಕೆಳಗೆ ಮುದುಕಿ ತಲೆಯ ಮೇಲೆ ಸುತ್ತಿಗೆಯ ಸದ್ದು, ಹೆಜ್ಜೆಯ ಸದ್ದು ಕೇಳುತ್ತಾ ಬಟಾಣಿ ಸುಲಿಯುತ್ತಿದ್ದಳು. ಏನು ಹೊಡೆಯುತ್ತಿದ್ದಾನೆ ಎಂದು ಕೇಳಲಿಲ್ಲ.

ಹತ್ತನೆಯ ದಿನ ಸಂಜೆ ಸೊಸೆಯೇ ಕೈ ಹಿಡಿದು ಅವಳನ್ನು ಹದಿನೇಳು ಮೆಟ್ಟಿಲು ಹತ್ತಿಸಿದಳು. ಇಪ್ಪತ್ನಾಲ್ಕು ತೂತಿನಲ್ಲಿ ಹನ್ನೊಂದರಲ್ಲಿ ಸಸಿಯಿತ್ತು. ಉಳಿದವಕ್ಕೆ ಮಗ ಬಟ್ಟೆಯ ಉಂಡೆ ತುರುಕಿದ್ದ. ಮುದುಕಿ ಒಂದೊಂದರ ಮುಂದೂ ನಿಂತಳು. ಎಲೆಗಳು ಒದ್ದೆ ಕಾಗದದ ಹಾಗೆ ಜೋತಿದ್ದವು.

"ಅರ್ಧ ಮುಚ್ಚಳ, ಮೂರು ದಿನಕ್ಕೊಮ್ಮೆಯಂತೆ," ಎಂದಳು ಸೊಸೆ. "ಅಂಗಡಿಯಾಕೆ ಹೇಳಿದ್ದಂತೆ."

ಮುದುಕಿ ತಲೆಯಾಡಿಸಿದಳು. "ನೀನೇ ನೋಡ್ಕೋ" ಎಂದು ಮಗ ಅಂದದ್ದು ಅವಳ ಕಿವಿಯಲ್ಲಿ ಇನ್ನೂ ಇತ್ತು. ಮರುದಿನ ಮಧ್ಯಾಹ್ನವೇ, ಎಲ್ಲರೂ ಕೆಲಸಕ್ಕೆ ಹೋದ ಮೇಲೆ, ಒಬ್ಬಳೇ ಗೋಡೆ ಹಿಡಿದು ಮೇಲೆ ಹತ್ತಿ, ಅರ್ಧ ಮುಚ್ಚಳ ಅಳೆದು ತೊಟ್ಟಿಗೆ ಹಾಕಿದಳು. ಮೂರು ದಿನ ಬಿಟ್ಟು ಇನ್ನೊಮ್ಮೆ.

ಆ ಮನೆಯ ಬೆಳಗು ಮೊದಲಾಗುವುದು ಬೇಳೆಯಿಂದ. ಸೊಸೆಗೆ ಆರು ಗಂಟೆಯ ಪಾಳಿ. ಅವಳು ಹೊರಟ ಮೇಲೆ ಮಗ ಬೇಳೆ ಒಲೆಗಿಟ್ಟು, ತನ್ನ ಡಬ್ಬಿಗೆ ರೊಟ್ಟಿ ತುಂಬಿಕೊಂಡು ಹೋಗುತ್ತಿದ್ದ. ಅದನ್ನು ಇಳಿಸುವುದು, ಒಗ್ಗರಣೆ ಕೊಡುವುದು ಮುದುಕಿ. ಮೊದಲಾದರೆ ಅವನು ಬಾಗಿಲಿಂದಲೇ, "ಉಪ್ಪು ಹಾಕಿದ್ದೀನಮ್ಮ" ಎಂದು ಕೂಗಿ ಹೋಗುತ್ತಿದ್ದ. ಈಗ ಕೂಗುವ ಹಾಗಿರಲಿಲ್ಲ. ಒಂದು ದಿನ ಸಂಜೆ ಬೇಳೆ ಬಾಯಿಗಿಡಲಾಗಲಿಲ್ಲ. ಮೊಮ್ಮಗಳು, "ಸಮುದ್ರ ಮನೆಗೇ ಬಂತು," ಎಂದು ನೀರು ಬೆರೆಸಿಕೊಂಡಳು. ಎರಡು ದಿನ ಬಿಟ್ಟು ಮತ್ತೆ ಹಾಗೇ ಆಯಿತು. ಮುದುಕಿಗೆ ಕಣ್ಣಿನ ಚಿಂತೆ, ಮಗನಿಗೆ ಸಸಿಯ ಚಿಂತೆ, ಕೈ ತಪ್ಪಿರಬೇಕು ಎಂದು ಸೊಸೆ ನುಂಗಿಕೊಂಡಳು.

ಮೇಲೆ ಹನ್ನೊಂದು ಒಂಬತ್ತಾಯಿತು, ಒಂಬತ್ತು ಆರಾಯಿತು. ಈಗ ಎಲೆ ಬಾಗುವುದಷ್ಟೇ ಅಲ್ಲ, ತುದಿಗಳು ಬೆಂಕಿ ತಗುಲಿದ ಹಾಗೆ ಕಂದಾಗಿ ಒಳಕ್ಕೆ ಸುರುಟಿಕೊಳ್ಳತೊಡಗಿದವು. ಬುಟ್ಟಿಯ ಕಲ್ಲುಗಳ ಮೇಲೆ ಬಿಳಿಯ ಹಕ್ಕಳೆ ಕಟ್ಟಿತು. ಮಗ ಊಟ ಅರ್ಧಕ್ಕೇ ಬಿಡುತ್ತಿದ್ದ. ಒಂದು ಬೆಳಿಗ್ಗೆ ಹೆಂಡತಿಗೆ ಹೇಳಿದ, "ನಾನು ಹೇಳಿದಂಗೇ ಮಾಡ್ತಿದ್ದೀನಿ ಕಣೆ. ಒಂದು ಹನಿ ಹೆಚ್ಚಿಲ್ಲ, ಒಂದು ಹನಿ ಕಮ್ಮಿಯಿಲ್ಲ. ಯಾಕೆ ಸಾಯ್ತವೆ?"

ಅದೇ ಮಧ್ಯಾಹ್ನ ಮುದುಕಿ ಪಕ್ಕದ ಮನೆಯವಳಿಗೆ ಗೋಡೆಯ ಮೇಲಿಂದ ಹೇಳಿದ್ದೂ ಅದೇ. "ಹೇಳಿದಂಗೇ ಮಾಡ್ತಿದ್ದೀನಿ. ಆದ್ರೂ ಹೋಗ್ತಿವೆ."

ಮೂರನೆಯ ಸಲ ಬೇಳೆ ಉಪ್ಪಾದದ್ದು ಆ ಸಂಜೆಯೇ. ಇನ್ನೂ ಬೆಳಕಿತ್ತು. ನಾಲ್ವರೂ ಕೂತಿದ್ದರು. ಸೊಸೆ ಒಂದು ತುತ್ತು ಬಾಯಿಗಿಟ್ಟು, ಅಗಿಯದೆ, ಗಂಡನನ್ನೂ ಅತ್ತೆಯನ್ನೂ ನೋಡಿದಳು.

"ಬೇಳೆಗೆ ಉಪ್ಪು ಹಾಕಿದ್ದು ಯಾರು?"

"ನಾನು," ಎಂದರು ಇಬ್ಬರೂ.

ಮೊಮ್ಮಗಳು ನಗಲು ಬಾಯಿ ತೆರೆದಳು. ಸೊಸೆ ಕೈ ಎತ್ತಿ ತಡೆದಳು. ಅವಳ ಲಾಂಡ್ರಿಯಲ್ಲಿ ಹೀಗೇ ಒಮ್ಮೆ ನಡೆದಿತ್ತು. ಪಾಳಿ ಬದಲಾಗುವಾಗ ಹೋಗುವವಳೂ ಬರುವವಳೂ ಒಂದೇ ಡ್ರಮ್ಮಿಗೆ ಬ್ಲೀಚು ಹಾಕಿ, ಅರವತ್ತು ಬೆಡ್‌ಶೀಟು ಹಿಡಿದಲ್ಲಿ ಹರಿದಿದ್ದವು. ಅಂದಿನಿಂದ ಹಾಕಿದವರು ಡ್ರಮ್ಮಿಗೆ ಒಂದು ಚೀಟಿ ನೇತುಹಾಕುವ ಕ್ರಮ ಬಂತು.

"ಸಸಿಯ ತೊಟ್ಟಿಗೆ ಆ ದ್ರಾವಣ ಹಾಕೋದು ಯಾರು?" ಎಂದಳು.

ಮಗ ತಟ್ಟೆಯ ಬೇಳೆಯನ್ನೇ ಕಲಸುತ್ತಿದ್ದ.

"ರೀ, ನಿಮ್ಮನ್ನೇ."

"ಬೆಳಗ್ಗೆ ಕೆಲಸಕ್ಕೆ ಹೋಗೋ ಮುಂಚೆ, ನಾನು."

"ಅತ್ತೆ?"

ಮುದುಕಿಯ ಕೈ ತಟ್ಟೆಯಲ್ಲೇ ನಿಂತಿತ್ತು. "ಮಧ್ಯಾಹ್ನ," ಎಂದಳು. "ಅವನು ಬಿಟ್ಟುಬಿಟ್ಟಿದ್ದಾನೆ ಅಂದ್ಕೊಂಡೆ."

ಎಂಜಲು ಕೈಯಲ್ಲೇ ಎಲ್ಲರೂ ಎದ್ದರು. ಮಗ ಎರಡೆರಡು ಮೆಟ್ಟಿಲು ಹಾರಿ ಹೋಗಿ ತೊಟ್ಟಿಯ ಬಿರಡೆ ಕಿತ್ತ. ನೀರು ತಾರಸಿಯ ಮೇಲೆ ಹರಿದು ಕೊಳವೆಯಲ್ಲಿ ಇಳಿಯಿತು. ಆ ಹೊತ್ತಿನಲ್ಲಿ ನಲ್ಲಿಯಲ್ಲಿ ನೀರಿಲ್ಲ. ಮೊಮ್ಮಗಳೂ ಸೊಸೆಯೂ ಕುಡಿಯಲು ತುಂಬಿಟ್ಟ ಕೊಡಗಳನ್ನೇ ಹೊತ್ತು ತಂದರು. ಪೈಪು, ಕಲ್ಲು, ಬುಟ್ಟಿ ಎಲ್ಲವನ್ನೂ ತೊಳೆದರು.

ಮಗ ಒಂದು ಬುಟ್ಟಿಯನ್ನು ಎತ್ತಿದ. ಕೆಳಗೆ ಇಳಿಬಿದ್ದ ಬೇರು ನೆನೆದ ಹಳೆಯ ದಾರದ ಹಾಗೆ ಕಂದಾಗಿತ್ತು. ಬೆರಳು ತಾಗಿಸಿದ್ದೇ ತಡ, ಸಿಪ್ಪೆ ಜಾರಿ ಬೆರಳಿಗೇ ಅಂಟಿತು. ಎರಡನೆಯದೂ ಹಾಗೇ. ಆರೂ ಹಾಗೇ. ಅವನು ಬುಟ್ಟಿ ಹಿಡಿದುಕೊಂಡೇ ನಿಂತ.

"ಇನ್ನೇನು ಉಳೀತು?" ಎಂದ, ಯಾರಿಗೆ ಅಂತಲ್ಲ.

ಮುದುಕಿ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತಿದ್ದಳು. ಮೆಟ್ಟಿಲು ಹತ್ತಿದ ಏದುಸಿರು ಇನ್ನೂ ಇಳಿದಿರಲಿಲ್ಲ. "ಕಾಂಡ ಮುಟ್ಟಿ ನೋಡೇ," ಎಂದಳು ಮೊಮ್ಮಗಳಿಗೆ. "ಮೆತ್ತಗಿದೆಯಾ?"

"ಇಲ್ಲಜ್ಜಿ. ಗಟ್ಟಿ ಇದೆ."

"ಹೊಸ ಬ್ಲೇಡು ತಾ. ಕುದಿಸಿದ ನೀರಲ್ಲಿ ಅದ್ದಿ ತಾ."

ಬ್ಲೇಡು ಬಂತು. ಮುದುಕಿ ಒಂದು ಸಸಿಯನ್ನು ಮಡಿಲಲ್ಲಿ ಮಲಗಿಸಿಕೊಂಡು ಬ್ಲೇಡನ್ನು ಹತ್ತಿರ ತಂದಳು. ಪೊರೆ ತೆಗೆದ ಕಣ್ಣಿಗೆ ದೂರದ ನೀರಿನ ಟ್ಯಾಂಕು, ತಂತಿಯ ಮೇಲಿನ ಹಕ್ಕಿ ಎಲ್ಲ ಸ್ಪಷ್ಟ. ಮಡಿಲಲ್ಲಿದ್ದದ್ದು ಮಾತ್ರ ಮಂಜು. ಹತ್ತಿರದ್ದು ಕಾಣಲು ಕನ್ನಡಕ ಇನ್ನೂ ಬಂದಿರಲಿಲ್ಲ.

"ಏನು ಮಾಡ್ತಿದ್ದೀರಿ ಅತ್ತೆ?"

"ಬೇರು ಕತ್ತರಿಸ್ಬೇಕು. ಪೂರ್ತಿ."

"ಬೇರನ್ನೇ?" ಮಗನ ದನಿ ಏರಿತು. "ಬೇರನ್ನೇ ಕತ್ತರಿಸ್ತಾಳಂತೆ! ನಾನು ಉಜ್ಜಿದ್ದು ತಪ್ಪಾದ್ರೆ ಇದು ಏನು?"

"ಟೊಮೆಟೊ ಕಾಂಡದ ಮೈಮೇಲೆ ಸಣ್ಣ ಸಣ್ಣ ಗಂಟು ಇರ್ತವೆ," ಎಂದಳು ಮುದುಕಿ ಮೊಮ್ಮಗಳ ಕಡೆ ನೋಡುತ್ತಾ. "ನರ್ಸರೀಲಿ ಉದ್ದುದ್ದ ಬೆಳೆದು ಬಿದ್ದ ಸಸೀನ ನಾವು ಅಡ್ಡ ಮಲಗಿಸಿ ಮಣ್ಣು ಮುಚ್ತಿದ್ವಿ. ಮೈಯೆಲ್ಲ ಬೇರು ಬಿಡ್ತಿತ್ತು. ನೀರಲ್ಲಿಟ್ಟರೆ ನೀರಲ್ಲೂ ಬಿಡುತ್ತೆ. ಮಣ್ಣಲ್ಲಿ ಹುಟ್ಟಿದ ಬೇರಿಗೆ ನೀರು ಒಗ್ಗಲಿಲ್ಲ. ನೀರಲ್ಲೇ ಹುಟ್ಟಿದ್ದಕ್ಕೆ ಒಗ್ಗುತ್ತೆ." ಕಾಂಡವನ್ನು ಬೆರಳಿನಿಂದ ಸವರಿದಳು. "ಬೇರು ಬಿಟ್ಟರೆ. ಇಷ್ಟು ಸೋತ ಗಿಡದಲ್ಲಿ ನಾನೂ ಮಾಡಿ ನೋಡಿಲ್ಲ."

ಬ್ಲೇಡನ್ನು ಮುಂದೆ ಚಾಚಿದಳು. ಮೊಮ್ಮಗಳು ಹಿಂದೆ ಸರಿದಳು. "ನನ್ನ ಕೈಲಾಗಲ್ಲಜ್ಜಿ, ನಾನು ಟಿಕೆಟ್ ಹರಿಯೋಳು." ಸೊಸೆ ಗಂಡನನ್ನು ನೋಡಿದಳು.

ಅವನು ಕೊಡದಲ್ಲಿ ಉಳಿದ ನೀರಿಗೆ ಸೋಪು ಹಾಕಿ ಮೊಣಕೈವರೆಗೆ ಉಜ್ಜಿ ತೊಳೆದ. ಬಂದು ತಾಯಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಬ್ಲೇಡು ತೆಗೆದುಕೊಂಡ.

"ಇಲ್ಲಿ?"

"ಇನ್ನೂ ಮೇಲೆ. ಹಸಿರು ಶುರುವಾಗೋ ಕಡೆ."

"ಇಲ್ಲಿ?"

"ಎಲೆ ಎಷ್ಟಿದೆ ಮೇಲೆ?"

"ಐದು. ಕೆಳಗಿನ ಎರಡು ಸುಟ್ಟಿವೆ."

"ಆ ಎರಡನ್ನ ಕೀಳು. ಓರೆಯಾಗಿ ಕೊಯ್ಯಿ. ಒಂದೇ ಎಳೆತ. ಗರಗಸ ಆಡಿಸಬೇಡ."

ಅವನು ಉಸಿರು ಹಿಡಿದು ಕೊಯ್ದ. ಕಂದು ಬೇರಿನ ಗೊಂಚಲು ನೆಲಕ್ಕೆ ಬಿತ್ತು.

"ಕೊಯ್ದ ಬಾಯಿ ನೋಡು. ಒಳಗೆ ಕಂದು ಬಳೆ ಇದೆಯಾ?"

"ಇಲ್ಲ. ತಿಳಿ ಹಸಿರು. ನೀರು ಜಿನುಗ್ತಿದೆ."

"ಇದು ಒಂದು," ಎಂದಳು ಮುದುಕಿ.

ಎರಡನೆಯದೂ ಹಸಿರು. ಮೂರನೆಯದನ್ನು ಕೊಯ್ದವನು ಅದನ್ನು ಬೆಳಕಿನ ಕಡೆ ತಿರುಗಿಸಿ ನೋಡಿದ.

"ಬಳೆಯಾ?"

"ಹೂಂ."

"ಇನ್ನೊಂದು ಬೆರಳು ಮೇಲೆ ಕೊಯ್ಯಿ."

ಕೊಯ್ದ. ಅಲ್ಲೂ ಇತ್ತು. ಮುದುಕಿ ಕೈ ಚಾಚಿ ಅದನ್ನು ತೆಗೆದುಕೊಂಡು, ಹಳೆ ಪೇಪರಿನಲ್ಲಿ ಬಿಗಿಯಾಗಿ ಸುತ್ತಿ ಸೊಸೆಗೆ ಕೊಟ್ಟಳು. "ಒಲೆಗೆ ಹಾಕು. ಹಿತ್ತಲಿಗೆ ಬಿಸಾಡಬೇಡ. ನೀನು ಬ್ಲೇಡು ಬಿಸಿನೀರಿಗೆ ಅದ್ದು." ಕೊನೆಯ ಮಾತು ಮಗನಿಗೆ. ನಾಲ್ಕನೆಯದಕ್ಕೆ ಅವನ ಹಣೆಯಿಂದ ಬೆವರು ಇಳಿಯುತ್ತಿತ್ತು. ಅದೂ, ಐದನೆಯದೂ, ಆರನೆಯದೂ ಹಸಿರೇ ಇದ್ದವು.

ಐದು ಬೋಳು ಕಡ್ಡಿಗಳು. ಅಡುಗೆಮನೆಯ ಕಿಟಕಿಯ ಕಟ್ಟೆಯ ಮೇಲೆ ಐದು ಗಾಜಿನ ಲೋಟದಲ್ಲಿ ನಿಂತವು. ಮೇಲೆ ಪ್ಲಾಸ್ಟಿಕ್ ಚೀಲದ ಮುಸುಕು, ಬೇರಿಲ್ಲದ್ದಕ್ಕೆ ಎಲೆಯಿಂದ ನೀರು ಹಾರಿಹೋಗಬಾರದೆಂದು. ಮನೆಯಲ್ಲಿದ್ದದ್ದೇ ಐದು ಗಾಜಿನ ಲೋಟ. ಅಂದಿನಿಂದ ಎಲ್ಲರೂ ಬಟ್ಟಲಿನಲ್ಲಿ ಟೀ ಕುಡಿದರು.

"ನೆಂಟರು ಬಂದ್ರೆ?" ಎಂದಳು ಮೊಮ್ಮಗಳು.

"ಬರಬೇಡಿ ಅನ್ನು," ಎಂದ ಅವಳಪ್ಪ.

ಸೊಸೆ ಲಾಂಡ್ರಿಯಿಂದ ಒಂದು ತಗಡಿನ ಚೀಟಿ ತಂದು ಕಿಟಕಿಯ ಮೊಳೆಗೆ ನೇತುಹಾಕಿದಳು. ಒಂದು ಕಡೆ ಕೆಂಪು, ಇನ್ನೊಂದು ಕಡೆ ಬಿಳಿ. ಲೋಟದ ನೀರು ಬದಲಿಸಿದವರು ಬಿಳಿ ಕಡೆ ತಿರುಗಿಸಬೇಕು. ದಿನಾ ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಅದನ್ನು ಅವಳೇ ಕೆಂಪಿಗೆ ತಿರುಗಿಸಿ ಹೋಗುತ್ತಿದ್ದಳು.

ಮೂರನೆಯ ದಿನ ಐದೂ ತಲೆ ಬಾಗಿಸಿದವು. ಐದನೆಯ ದಿನ ಒಂದರ ಎಲೆ ಹಳದಿಯಾಗಿ ಉದುರಿತು. ಮಗ ಕೆಲಸದ ನಡುವೆ ಮಧ್ಯಾಹ್ನವೂ ಬರತೊಡಗಿದ. ಊಟಕ್ಕೆ ಎನ್ನುತ್ತಿದ್ದ, ಊಟ ಮಾಡದೆ ಹೋಗುತ್ತಿದ್ದ. ಮುದುಕಿ ಒಲೆಯ ಮುಂದೆ ಕೂತಿದ್ದರೂ ಬೆನ್ನು ಕಿಟಕಿಗೆ ಮಾಡುತ್ತಿರಲಿಲ್ಲ. ಖಾಲಿ ಬೀಜದ ಬಾಟಲಿಯನ್ನು ತೊಳೆದು, ಒರೆಸಿ, ಮತ್ತೆ ಅದೇ ಜಾಗದಲ್ಲಿಟ್ಟಳು. ಮಾರನೆಯ ದಿನವೂ ತೊಳೆದಳು. ಸೊಸೆ ನೋಡಿಯೂ ನೋಡದ ಹಾಗೆ ಇದ್ದಳು.

ಎಂಟನೆಯ ದಿನ ಮಗ ಲೋಟವೊಂದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

"ಅಮ್ಮ. ಬಿಳಿ ಚುಕ್ಕೆ ಬಂದಿವೆ."

ಮುದುಕಿ ಎದ್ದೇ ಬಂದಳು. "ಎಲ್ಲಿ? ಕೊಯ್ದ ಬಾಯಲ್ಲೋ, ಮೈಮೇಲೋ?"

"ಮೈಮೇಲೆ. ಸಾಲಾಗಿ."

"ಬೂಷ್ಟು ಇರಬಹುದು. ಹತ್ತಿಯಂಗಿದೆಯಾ, ಮೊಡವೆಯಂಗಿದೆಯಾ?"

"ಮೊಡವೆ. ಒತ್ತಿ ನೋಡ್ಲಾ?"

"ಮುಟ್ಟಿದ್ರೆ ಕೈ ಮುರೀತೀನಿ!"

ಮರುದಿನ ಒಂದು ಚುಕ್ಕೆಯಿಂದ ಅಕ್ಕಿಯ ಮೂತಿಯಷ್ಟು ಬಿಳಿ ತುದಿ ಹೊರಗಿಣುಕಿತ್ತು. ನಾಲ್ಕು ದಿನದಲ್ಲಿ ನಾಲ್ಕು ಲೋಟದಲ್ಲಿ ಬಿಳಿಯ ಎಳೆಗಳು ಇಳಿದವು. ಐದನೆಯದು, ಹಳದಿಯಾಗಿದ್ದದ್ದು, ಬುಡ ಕರಗಿ ಹೋಯಿತು. ಅದರ ಲೋಟವನ್ನು ಸೊಸೆ ಎರಡು ಸಲ ತೊಳೆದು ಅತ್ತೆಗೆ ಟೀ ಕೊಟ್ಟಳು. ಅತ್ತೆ ಬಟ್ಟಲಿನಲ್ಲೇ ಕೊಡು ಎಂದಳು.

ಬೇರು ಬೆರಳುದ್ದ ಆದ ಮೇಲೆ ನಾಲ್ಕನ್ನೂ ಮೇಲೆ ಒಯ್ದು ಪೈಪಿಗಿಳಿಸಿದರು. ಮೂರು ದಿನ ಬರೀ ನೀರು. ನಾಲ್ಕನೆಯ ದಿನ ಕಾಲು ಮುಚ್ಚಳ ಕೊಡಬೇಕೆಂದು ಅಂಗಡಿಯಾಕೆ ಹೇಳಿದ್ದಳು. ತಗಡಿನ ಚೀಟಿಯೂ ಮೇಲೆ ಹೋಗಿ ತೊಟ್ಟಿಗೆ ನೇತುಬಿತ್ತು. ಆದರೆ ಈಗ ಮನೆಯಲ್ಲಿ ಮಾತು ಶುರುವಾಗಿತ್ತಲ್ಲ, ಚೀಟಿಯ ಕಡೆ ಯಾರೂ ನೋಡುತ್ತಿರಲಿಲ್ಲ.

ಆ ನಾಲ್ಕನೆಯ ದಿನ ಸಂಜೆ ಊಟಕ್ಕೆ ಕೂತಾಗ ಮೊಮ್ಮಗಳು ಮೊದಲ ತುತ್ತಿಗೇ ಮುಖ ಎತ್ತಿದಳು.

"ಸಮುದ್ರ ಬತ್ತಿಹೋಗಿದೆ. ಬೇಳೆಗೆ ಉಪ್ಪೇ ಇಲ್ಲ."

"ಅಮ್ಮ ಹಾಕ್ತಾಳೆ ಅಂತ ನಾನು ಬಿಟ್ಟೆ," ಎಂದ ಮಗ.

"ನೀನು ಹಾಕಿರ್ತೀಯ ಅಂತ ನಾನು," ಎಂದಳು ಮುದುಕಿ.

"ಹೀಗಾದ್ರೂ ಇರಲಿ. ಕಮ್ಮಿಯಾದ್ರೆ ಹಾಕ್ಕೋಬಹುದು," ಎಂದು ಸೊಸೆ ಉಪ್ಪಿನ ಡಬ್ಬಿ ತರಲು ಎದ್ದಳು. ಡಬ್ಬಿ ತಂದು ನಡುವೆ ಇಟ್ಟಾಗ ತಾಯಿ ಮಗ ಇಬ್ಬರೂ ಅದನ್ನು ಮುಟ್ಟದೆ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು.

"ತೊಟ್ಟಿಗೆ?" ಎಂದಳು ಮುದುಕಿ.

"ನೀನು ಹಾಕಿಲ್ವಾ?"

"ನೀನು?"

ಮಗ ಕೈ ತೊಳೆದುಕೊಂಡು ಮೆಟ್ಟಿಲಿಗೆ ಓಡಿದ. ಮುದುಕಿ ಗೋಡೆ ಹಿಡಿದು ಹಿಂದೆಯೇ ಹತ್ತಿದಳು. ಯಾರೂ ತಡೆಯಲಿಲ್ಲ. ಮೇಲೆ ಚಪ್ಪರದ ನೆರಳಿನಲ್ಲಿ ನಾಲ್ಕು ಸಸಿ ನೆಟ್ಟಗೆ ನಿಂತಿದ್ದವು. ಕೆಳಗಿನ ಎಲೆಗಳು ಒಂದಿಷ್ಟು ಬಿಳಿಚಿದ್ದವು, ಅಷ್ಟೇ. ಚೀಟಿ ಕೆಂಪಗೇ ಇತ್ತು.

ಅವನು ಸೀಸೆ ತೆರೆದು ಮುಚ್ಚಳಕ್ಕೆ ದ್ರಾವಣ ಬಗ್ಗಿಸಿದ. ಮುಚ್ಚಳವನ್ನು ತಾಯಿಯ ಕಣ್ಣಿನ ಮಟ್ಟಕ್ಕೆ ಎತ್ತಿ, ಅವಳಿಗೆ ಸ್ಪಷ್ಟ ಕಾಣುವಷ್ಟು ದೂರಕ್ಕೆ, ತೋಳು ಪೂರ್ತಿ ಚಾಚಿ ಹಿಡಿದ.

"ನೋಡು. ಕಾಲು ಮುಚ್ಚಳ. ಸರೀನಾ?"

ಮುದುಕಿ ಹೊಸ ಕಣ್ಣಿನಿಂದ ಮುಚ್ಚಳವನ್ನು ನೋಡಿದಳು. ಆಮೇಲೆ ಸಸಿಗಳನ್ನು ನೋಡಿದಳು. ಮತ್ತೆ ಮುಚ್ಚಳವನ್ನು.

"ಅರ್ಧ ಚೆಲ್ಲು," ಎಂದಳು.

ಅವನು ಚೆಲ್ಲಿದ.